‘ಎದಿ ಬ್ಯಾನಿ ಏನಿಲ್ರಿ’: ಹೊಸಪೇಟೆ ಸೀಮೆಯ ಸಕ್ಕರೆ ಕಾಯಿಲೆಯವರಲ್ಲಿ ಸದ್ದಿಲ್ಲದ ಹೃದ್ರೋಗದ ತಪಾಸಣೆ ಕುರಿತು ಒಂದು ಟಿಪ್ಪಣಿ

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ಸಕ್ಕರೆ ಕಾಯಿಲೆಯವರನ್ನು ‘ಎದೆನೋವು ಬರುತ್ತದೆಯೇ?’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಎದಿ ಬ್ಯಾನಿ ಏನಿಲ್ರಿ’. ಹಾಳೆಯ ಮೇಲೆ ‘ಇಲ್ಲ’ ಎಂದು ಗುರುತು ಬೀಳುತ್ತದೆ, ಸಾಲು ಮುಂದೆ ಸರಿಯುತ್ತದೆ. ಅದೇ ಮನುಷ್ಯ ಹೊರಗೆ ಬೆಂಚಿನ ಮೇಲೆ ಕೂತು ಪಕ್ಕದವರ ಹತ್ತಿರ ಆಡುವ ಮಾತೇ ಬೇರೆ: ‘ಗ್ಯಾಸ್ ತುಂಬಿದಂಗ ಆಗತೈತಿ’, ‘ಗದ್ದಿ ತನ ಹೋಗೋದ್ರಾಗ ದಮ್ಮು ಹತ್ತತೈತಿ’, ‘ಸುಮ್ನ ಕುಂತ್ರೂ ಬೆವರು ಬರತೈತಿ’. ಇವುಗಳಲ್ಲಿ ಯಾವುದೂ ಹಾಳೆ ಸೇರುವುದಿಲ್ಲ. ನಾವು ‘ಸದ್ದಿಲ್ಲದ ಹೃದ್ರೋಗ’ ಎಂದು ಕರೆಯುವುದರಲ್ಲಿ ರೋಗ ತಾನೇ ಸುಮ್ಮನಿರುವುದು ಎಷ್ಟು, ನಮ್ಮ ಪ್ರಶ್ನೆಗೆ ಕಿವುಡಿರುವುದು ಎಷ್ಟು ಎಂಬುದನ್ನು ವಿಚಾರಿಸುವುದು ಈ ಟಿಪ್ಪಣಿಯ ಉದ್ದೇಶ.

‘ಸೀಮೆ’ ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ ಮತ್ತು ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆರೋಗ್ಯ ಇಲಾಖೆಯ ಅಂಕಿಅಂಶಗಳೂ ಎರಡು ಜಿಲ್ಲೆಗಳ ಕಡತಗಳಿಗೆ ಹಂಚಿಹೋದವು. ರೋಗಿಗಳು ಮಾತ್ರ ಮೊದಲಿನಂತೆಯೇ ಓಡಾಡುತ್ತಾರೆ: ಕಂಪ್ಲಿಯವರು ಹೊಸಪೇಟೆಗೆ, ಸಂಡೂರಿನವರು ತೋರಣಗಲ್ಲಿಗೆ, ಕಷ್ಟದ ಕೇಸಾದರೆ ಎಲ್ಲರೂ ಬಳ್ಳಾರಿಗೆ.

ಮೊದಲು ರೋಗದ ವಿಚಾರ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೋನರಿ ನಾಳಗಳು ಕಿರಿದಾದಾಗ, ಶ್ರಮದ ಹೊತ್ತಿನಲ್ಲಿ ಸ್ನಾಯುವಿಗೆ ಬೇಕಾದಷ್ಟು ರಕ್ತ ಮುಟ್ಟುವುದಿಲ್ಲ. ಸಾಮಾನ್ಯವಾಗಿ ಅದು ನೋವಾಗಿ ಕಾಣಿಸಿಕೊಳ್ಳುತ್ತದೆ. ಎದೆ ಹಿಡಿದಂತೆ, ಮೇಲೆ ಭಾರ ಹೇರಿದಂತೆ. ಆ ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ಸ್ವಯಂಚಾಲಿತ ನರಮಂಡಲದ ತಂತುಗಳು. ಬಹುಕಾಲದ ಸಕ್ಕರೆ ಕಾಯಿಲೆ ಅಂಗಾಲಿನ ನರಗಳನ್ನು ತಿನ್ನುವಂತೆ ಈ ತಂತುಗಳನ್ನೂ ತಿನ್ನುತ್ತದೆ. ಅಂಗಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯದೆ ನಡೆಯುವವನ ಕಥೆಯೇ ಎದೆಯೊಳಗೂ ನಡೆಯುತ್ತದೆ. ನೋವಿಲ್ಲದ ಹೃದಯಾಘಾತದಿಂದ ಸತ್ತ ಮಧುಮೇಹಿಗಳ ಹೃದಯದ ನರತಂತುಗಳು ಹಾಳಾಗಿದ್ದುದನ್ನು 1977ರಲ್ಲೇ ಅರ್ಜೆಂಟೀನಾದ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ಕಂಡು ವರದಿ ಮಾಡಿದ್ದರು.

ಇದು ಅಪರೂಪದ ಸಂಗತಿಯೂ ಅಲ್ಲ. 1948ರಲ್ಲಿ ಆರಂಭವಾದ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ಒಟ್ಟು ಹೃದಯಾಘಾತಗಳ ಕಾಲುಭಾಗಕ್ಕೂ ಮಿಕ್ಕಿ ಆ ಹೊತ್ತಿಗೆ ಯಾರ ಗಮನಕ್ಕೂ ಬಂದಿರಲಿಲ್ಲ. ಆಮೇಲೆ ಇಸಿಜಿ ತೆಗೆದಾಗಲೇ ಗೊತ್ತಾದದ್ದು. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ ಆಗಷ್ಟೇ ಸಕ್ಕರೆ ಕಾಯಿಲೆ ಪತ್ತೆಯಾದವರನ್ನು ಸೇರಿಸಿಕೊಂಡಿತ್ತು. ಅವರ ಇಸಿಜಿಗಳನ್ನು ಮತ್ತೆ ನೋಡಿದಾಗ ಸರಿಸುಮಾರು ಆರರಲ್ಲಿ ಒಬ್ಬರಿಗೆ ಹಳೆಯ ಹೃದಯಾಘಾತದ ಗುರುತು ಇತ್ತು. ಎಂದರೆ, ಸಕ್ಕರೆ ಇದೆ ಎಂದು ಡಾಕ್ಟರು ಹೇಳುವ ಮೊದಲೇ ಹೃದಯದ ಒಂದು ತುಂಡು ಸತ್ತಿತ್ತು. ನಮಗೆ ಹತ್ತಿರದ ಲೆಕ್ಕ ಚೆನ್ನೈ ನಗರದ ಜನಸಮುದಾಯ ಅಧ್ಯಯನದ್ದು, 2001ರಲ್ಲಿ ಪ್ರಕಟವಾದದ್ದು: ಸಕ್ಕರೆ ಪ್ರಮಾಣ ಸರಿಯಾಗಿದ್ದವರಲ್ಲಿ ಕರೋನರಿ ರೋಗ ಶೇ. 9.1, ಮಧುಮೇಹಿಗಳಲ್ಲಿ ಶೇ. 21.4. ವಯಸ್ಸಿನ ವಿಚಾರದಲ್ಲೂ ನಮ್ಮವರು ಮುಂದೆ. ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬಂದ ಸರಾಸರಿ ವಯಸ್ಸು 53. ಉಳಿದ ದೇಶಗಳವರಿಗೆ 58.8.

ಈ ಅಂಕಿಗಳನ್ನು ಓದಿದ ಯಾರಿಗಾದರೂ ‘ಹಾಗಾದರೆ ಶುಗರ್ ಇದ್ದವರಿಗೆಲ್ಲ ಹಾರ್ಟ್ ಟೆಸ್ಟ್ ಮಾಡಿಸಿಬಿಡೋಣ’ ಎನ್ನಿಸುವುದು ಸಹಜ. 2025ರ ಜೂನ್, ಜುಲೈನಲ್ಲಿ ಕರ್ನಾಟಕ ಇದನ್ನು ಕಣ್ಣಾರೆ ಕಂಡಿತು. ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿದ್ದೇ ತಡ, ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. ಬಹುತೇಕರಿಗೆ ಯಾವ ತೊಂದರೆಯೂ ಇರಲಿಲ್ಲ; ‘ಒಂದ್ಸಲ ನೋಡಿಸಿಬಿಡೋಣ’ ಎಂದು ಬಂದವರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಸಾವುಗಳನ್ನು ಪರಿಶೀಲಿಸಿ, ಹೃದಯಾಘಾತದ ಪ್ರಮಾಣ ಅಸಹಜವಾಗಿ ಏರಿಲ್ಲ ಎಂದು ವರದಿ ಕೊಟ್ಟಿತು. ಆ ಸಾಲಿನಲ್ಲಿ ನಿಜವಾದ ರೋಗಿ ಎಷ್ಟು ಹೊತ್ತು ಕಾಯಬೇಕಾಯಿತೋ ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಟೆಸ್ಟ್ ಮಾಡಿದರೆ ತಪ್ಪೇನು? ಒಂದು ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಸುಲಭವಾಗಿ ಸಿಗುವ ಪರೀಕ್ಷೆ ಟಿಎಂಟಿ, ಅಂದರೆ ಓಡುವ ಬೆಲ್ಟಿನ ಮೇಲೆ ನಡೆಸಿ ಇಸಿಜಿ ತೆಗೆಯುವುದು. ನೂರೈವತ್ತರಷ್ಟು ಅಧ್ಯಯನಗಳನ್ನು ಒಟ್ಟುಗೂಡಿಸಿ 1989ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ರೋಗ ಇದ್ದವರಲ್ಲಿ ನೂರಕ್ಕೆ 68 ಮಂದಿಯನ್ನು ಇದು ಹಿಡಿಯುತ್ತದೆ. ರೋಗ ಇಲ್ಲದವರಲ್ಲಿ ನೂರಕ್ಕೆ 77 ಮಂದಿಯನ್ನು ಸರಿಯಾಗಿ ‘ಇಲ್ಲ’ ಎನ್ನುತ್ತದೆ. ಎದೆನೋವಿಲ್ಲದ 1000 ಸಕ್ಕರೆ ಕಾಯಿಲೆಯವರನ್ನು ತೆಗೆದುಕೊಂಡು, ಅವರಲ್ಲಿ 100 ಮಂದಿಗೆ ನಾಳ ಕಿರಿದಾಗಿದೆ ಎಂದಿಟ್ಟುಕೊಳ್ಳಿ. ಟಿಎಂಟಿ ಆ 100ರಲ್ಲಿ 68 ಮಂದಿಯನ್ನು ಹಿಡಿಯಿತು, 32 ಮಂದಿಯನ್ನು ಬಿಟ್ಟಿತು. ಉಳಿದ 900 ಮಂದಿಯಲ್ಲಿ 207 ಜನರಿಗೆ ಸುಳ್ಳೇ ‘ಪಾಸಿಟಿವ್’ ಎಂದಿತು. ಒಟ್ಟು 275 ಪಾಸಿಟಿವ್. ನಾಲ್ವರಲ್ಲಿ ಒಬ್ಬರಿಗೆ ಮಾತ್ರ ರೋಗ. ಈ 275 ಮಂದಿಯೂ ಮುಂದಿನ ಪರೀಕ್ಷೆಗೆಂದು ಅರವತ್ತು ಕಿಲೋಮೀಟರ್ ದೂರದ ಬಳ್ಳಾರಿಯ ಬಸ್ಸೋ ಕಾರೋ ಹತ್ತಬೇಕು, ಕೂಲಿ ಬಿಡಬೇಕು, ಆಂಜಿಯೋಗ್ರಾಮಿಗೆ ದುಡ್ಡು ಹೊಂದಿಸಬೇಕು. ತಪ್ಪಿಸಿಕೊಂಡ 32 ಮಂದಿಯ ಕೈಯಲ್ಲಿ ‘ನಾರ್ಮಲ್’ ಎಂಬ ರಿಪೋರ್ಟು ಇರುತ್ತದೆ. ಆರು ತಿಂಗಳ ಮೇಲೆ ದಮ್ಮು ಹತ್ತಿದರೆ ಅವರು ಆ ರಿಪೋರ್ಟನ್ನೇ ನಂಬಿ ಮನೆಯಲ್ಲಿ ಕೂರುತ್ತಾರೆ. ನನ್ನ ದೃಷ್ಟಿಯಲ್ಲಿ 207ಕ್ಕಿಂತ ಈ 32 ಹೆಚ್ಚು ಅಪಾಯದ ಸಂಖ್ಯೆ.

ಲೆಕ್ಕದಲ್ಲಿ ಬಾರದ ತೊಡಕೂ ಒಂದಿದೆ. ರೂಢಿಯ ಬ್ರೂಸ್ ಪದ್ಧತಿಯಲ್ಲಿ ಬೆಲ್ಟು ಶೇ. 10ರ ಏರಿನಲ್ಲಿ ಗಂಟೆಗೆ 2.7 ಕಿ.ಮೀ. ವೇಗದಿಂದ ಆರಂಭವಾಗಿ, ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ಐವತ್ತೈದರ ಹೆಂಗಸಿನ ನಾಡಿ ಮಿನಿಟಿಗೆ 140 ಮುಟ್ಟಿದರೆ ಮಾತ್ರ ಪರೀಕ್ಷೆ ಪೂರ್ಣವಾಯಿತು ಎಂದು ಲೆಕ್ಕ. ಸೀರೆ ಮೇಲೆ ಕಟ್ಟಿ, ಜೋಮು ಹಿಡಿದ ಪಾದಗಳಿಂದ, ಮಂಡಿನೋವು ನುಂಗಿಕೊಂಡು ಓಡುವ ಬೆಲ್ಟಿನ ಮೇಲೆ ಮೊದಲ ಸಲ ಕಾಲಿಟ್ಟವಳು ಆರನೇ ನಿಮಿಷಕ್ಕೆ ‘ಸಾಕ್ರಿ’ ಎಂದರೆ ಸೋತದ್ದು ಮಂಡಿಯೋ ಹೃದಯವೋ ಹೇಳುವವರು ಯಾರು?

ಇನ್ನು ಪ್ರಯೋಗಗಳು ಏನು ಹೇಳುತ್ತವೆ ನೋಡಬೇಕು. ಈ ವಿಷಯದಲ್ಲಿ ಎಲ್ಲರೂ ಎತ್ತಿ ಹೇಳುವುದು ಅಮೆರಿಕ, ಕೆನಡಾಗಳ 14 ಕೇಂದ್ರಗಳಲ್ಲಿ ನಡೆದ ‘ಡಯಾಡ್’ ಅಧ್ಯಯನ. 50ರಿಂದ 75 ವಯಸ್ಸಿನ, ಹೃದಯದ ಯಾವ ತೊಂದರೆಯೂ ಇಲ್ಲದ 1,123 ಟೈಪ್ 2 ಮಧುಮೇಹಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಿಕಿರಣ ವಸ್ತು ಕೊಟ್ಟು ಹೃದಯದ ರಕ್ತಸಂಚಾರದ ಚಿತ್ರ ತೆಗೆದರು, ಇನ್ನೊಂದಕ್ಕೆ ಏನೂ ಇಲ್ಲ. ಚಿತ್ರ ತೆಗೆಸಿಕೊಂಡವರಲ್ಲಿ ಶೇ. 22ರಷ್ಟು ಮಂದಿಗೆ ಸದ್ದಿಲ್ಲದ ತೊಂದರೆ ಕಂಡಿತು. ಆದರೆ 2009ರಲ್ಲಿ ಪ್ರಕಟವಾದ ಕೊನೆಯ ಫಲಿತಾಂಶ ನಿರೀಕ್ಷೆಯಂತೆ ಇರಲಿಲ್ಲ. ಸುಮಾರು ಐದು ವರ್ಷದಲ್ಲಿ ಹೃದಯಾಘಾತ ಅಥವಾ ಹೃದಯದಿಂದಾದ ಸಾವು ತಪಾಸಣೆ ಮಾಡಿದ ಗುಂಪಿನಲ್ಲಿ 15, ಮಾಡದ ಗುಂಪಿನಲ್ಲಿ 17. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಇದು ವ್ಯತ್ಯಾಸವೇ ಅಲ್ಲ. ಅಮೆರಿಕದ ಯೂಟಾದಲ್ಲಿ 900 ಮಂದಿಗೆ ಸಿಟಿ ಆಂಜಿಯೋಗ್ರಾಮಿನ ಮೂಲಕ ಇದನ್ನೇ ಪರೀಕ್ಷಿಸಿದ ‘ಫ್ಯಾಕ್ಟರ್-64’ ಕೂಡ 2014ರಲ್ಲಿ ಇದೇ ತೀರ್ಮಾನಕ್ಕೆ ಬಂತು: ಶೇ. 6.2ಕ್ಕೆ ಎದುರು ಶೇ. 7.6, ಆಕಸ್ಮಿಕವೆಂದು ತಳ್ಳಿಹಾಕಬಹುದಾದಷ್ಟು ಅಂತರ. ಅಮೆರಿಕದ ಡಯಾಬಿಟಿಸ್ ಸಂಘ ಲಕ್ಷಣಗಳಿಲ್ಲದವರಿಗೆ ವಾಡಿಕೆಯಾಗಿ ಕರೋನರಿ ತಪಾಸಣೆ ಬೇಡ ಎನ್ನುವುದು ಇಂಥ ಆಧಾರದ ಮೇಲೆಯೇ. ಆ ಸಲಹೆಗೆ ಒಂದು ಷರತ್ತು ಇದೆ, ಅದನ್ನು ಉದ್ಧರಿಸುವವರು ಕಡಿಮೆ: ಬಿಪಿ, ಕೊಬ್ಬು, ಸಕ್ಕರೆಗೆ ಸರಿಯಾದ ಚಿಕಿತ್ಸೆ ನಡೆಯುತ್ತಿದ್ದರೆ.

ಡಯಾಡ್‌ನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಗಳು ಬೇರೆ ಎರಡು. ಮೊದಲ ಚಿತ್ರದಲ್ಲಿ ತೊಂದರೆ ಕಂಡಿದ್ದ 71 ಮಂದಿಗೆ ಮೂರು ವರ್ಷದ ಮೇಲೆ ಮತ್ತೆ ಚಿತ್ರ ತೆಗೆದಾಗ 56 ಜನರಲ್ಲಿ ಅದು ಕಾಣಲೇ ಇಲ್ಲ. ಆ ನಡುವೆ ಅವರಲ್ಲಿ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಆಸ್ಪಿರಿನ್, ಬಿಪಿ ಮಾತ್ರೆ ನುಂಗುವವರ ಸಂಖ್ಯೆ ಹೆಚ್ಚಾಗಿತ್ತು. ಎರಡನೆಯದು, ಯಾರಿಗೆ ತೊಂದರೆ ಇರಬಹುದು ಎಂಬುದನ್ನು ಮುಂದಾಗಿ ಸೂಚಿಸಿದ್ದು ಕೊಲೆಸ್ಟರಾಲೂ ಅಲ್ಲ, ಬಿಪಿಯೂ ಅಲ್ಲ; ಉಸಿರು ಬಿಗಿಹಿಡಿದು ಊದಿದಾಗ ನಾಡಿ ಹೇಗೆ ಬದಲಾಗುತ್ತದೆ ಎಂಬ ಸರಳ ಪರೀಕ್ಷೆ. ನರ ಕೆಟ್ಟವರ ನಾಡಿ ಉಸಿರಿನ ಜೊತೆ ಹೆಜ್ಜೆ ಹಾಕುವುದಿಲ್ಲ.

ಈ ನರಪರೀಕ್ಷೆಗಳಿಗೆ ಬಳ್ಳಾರಿಯವರೆಗೆ ಹೋಗಬೇಕಿಲ್ಲ. ಇಸಿಜಿ ಯಂತ್ರಕ್ಕೆ ಜೋಡಿಸಿದ ರೋಗಿಗೆ ಐದು ಸೆಕೆಂಡು ಉಸಿರು ಎಳೆದು ಐದು ಸೆಕೆಂಡು ಬಿಡಲು ಹೇಳುವುದು, ಹೀಗೆ ಒಂದು ನಿಮಿಷ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ನಾಡಿಗಳ ಸರಾಸರಿ ಅಂತರ 15ಕ್ಕಿಂತ ಹೆಚ್ಚಿದ್ದರೆ ನರ ಚೆನ್ನಾಗಿದೆ, 10ಕ್ಕಿಂತ ಕಡಿಮೆಯಾದರೆ ಕೆಟ್ಟಿದೆ (ವಯಸ್ಸಾದಂತೆ ಈ ಅಂತರ ಸಹಜವಾಗಿಯೂ ತಗ್ಗುತ್ತದೆ ಎಂಬುದು ನೆನಪಿರಲಿ). ಮಲಗಿದ್ದವರನ್ನು ಎಬ್ಬಿಸಿ ನಿಲ್ಲಿಸಿದಾಗ ಮೇಲಿನ ಬಿಪಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದೂ ಒಂದು ಸೂಚನೆ. ಸುಮ್ಮನೆ ಕೂತಾಗಲೂ ನಾಡಿ 100ರ ಮೇಲಿದ್ದರೆ ಮತ್ತೊಂದು. ಬ್ರಿಟನ್ನಿನ ಯೂಯಿಂಗ್ ಮತ್ತು ಕ್ಲಾರ್ಕ್ 1970ರ ದಶಕದಿಂದ ಬೆಳೆಸಿದ ವಿಧಾನಗಳಿವು. ಹಳೆಯವು, ಅಗ್ಗದವು, ಬಹುಶಃ ಅದಕ್ಕೇ ಯಾವ ಚೆಕಪ್ ಪ್ಯಾಕೇಜಿನ ಫ್ಲೆಕ್ಸಿನಲ್ಲೂ ಇವುಗಳ ಹೆಸರು ಕಾಣುವುದಿಲ್ಲ.

ಪಾಶ್ಚಾತ್ಯ ಪ್ರಯೋಗಗಳನ್ನು ಇಲ್ಲಿಗೆ ಹಾಗೇ ತಂದು ಹೊಂದಿಸಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದು. ಡಯಾಡ್‌ನಲ್ಲಿ ವರ್ಷಕ್ಕೆ ಶೇ. 0.6 ಮಂದಿಗೆ ಮಾತ್ರ ಅನಾಹುತವಾಯಿತು. ಅಷ್ಟು ಕಡಿಮೆಯಾದದ್ದು ಎರಡೂ ಗುಂಪಿನವರಿಗೆ ಒಳ್ಳೆಯ ಔಷಧ ಸಿಗುತ್ತಿದ್ದುದರಿಂದ. ಅನಾಹುತಗಳೇ ಕಡಿಮೆಯಾದಾಗ ಸಣ್ಣ ಲಾಭವಿದ್ದರೂ ಕಾಣದೆ ಹೋಗಬಹುದು. ಕಂಪ್ಲಿಯ ರೈತನಿಗೆ, ದೋಣಿಮಲೈ ಕಡೆಯ ಲಾರಿ ಚಾಲಕನಿಗೆ ಅಂಥ ಚಿಕಿತ್ಸೆ ನಡೆಯುತ್ತಿದೆಯೇ? ಬಹುತೇಕ ಕಡೆ ಸಕ್ಕರೆ ಮಾತ್ರೆ ಇದೆ, ಬಿಪಿ ಮಾತ್ರೆ ಬಿಟ್ಟುಬಿಟ್ಟು ಇದೆ, ಸ್ಟ್ಯಾಟಿನ್ ಇಲ್ಲ. ಈ ಕೊರತೆಯನ್ನೇ ಮುಂದಿಟ್ಟು ‘ಅದಕ್ಕೇ ನಮ್ಮಲ್ಲಿ ತಪಾಸಣೆ ಬೇಕು’ ಎನ್ನುವವರಿದ್ದಾರೆ. ನನಗೆ ಅದು ತಲೆಕೆಳಗಾದ ವಾದವೆನಿಸುತ್ತದೆ. ರೋಗ ಕಂಡರೂ ಮೊದಲು ಕೊಡಬೇಕಾದದ್ದು ಅದೇ ಮಾತ್ರೆ. ಹೃದ್ರೋಗದ ಇತಿಹಾಸವೇ ಇಲ್ಲದ 2,838 ಟೈಪ್ 2 ಮಧುಮೇಹಿಗಳಿಗೆ ದಿನಕ್ಕೆ 10 ಮಿಲಿಗ್ರಾಂ ಅಟೋರ್ವಾಸ್ಟ್ಯಾಟಿನ್ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದ ‘ಕಾರ್ಡ್ಸ್’ ಪ್ರಯೋಗದಲ್ಲಿ ದೊಡ್ಡ ಅನಾಹುತಗಳು ಶೇ. 37ರಷ್ಟು ತಗ್ಗಿದವು; ಲಾಭ ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ಎರಡು ವರ್ಷ ಮೊದಲೇ ನಿಲ್ಲಿಸಿದರು. ಸ್ಟೆಂಟ್ ಹಾಕಿಸಿದರೆ ಆಯಸ್ಸು ಹೆಚ್ಚುತ್ತದೆ ಎಂಬ ನಂಬಿಕೆಗೂ ಅಷ್ಟು ಬಲವಿಲ್ಲ. ಹೃದ್ರೋಗ ಖಚಿತವಾಗಿದ್ದ 2,368 ಮಧುಮೇಹಿಗಳ ‘ಬಾರಿ 2ಡಿ’ ಪ್ರಯೋಗದಲ್ಲಿ ಐದು ವರ್ಷ ಬದುಕಿ ಉಳಿದವರು, ಕೂಡಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದ ಗುಂಪಿನಲ್ಲಿ ಶೇ. 88.3, ಮೊದಲು ಔಷಧವನ್ನೇ ನೆಚ್ಚಿದ ಗುಂಪಿನಲ್ಲಿ ಶೇ. 87.8.

ಈಗ ಪ್ರಶ್ನೆಗೇ ಹಿಂದಿರುಗುತ್ತೇನೆ; ಈ ಸೀಮೆಯವರು ಏನಾದರೂ ಹೊಸದು ಮಾಡಬಹುದಾದರೆ ಅದು ಇಲ್ಲೇ.

ಹಳ್ಳಿ ಸಮೀಕ್ಷೆಗಳಲ್ಲಿ ಹೃದಯದ ನೋವು ಗುರುತಿಸಲು ಜಗತ್ತಿನಾದ್ಯಂತ ಬಳಕೆಯಾಗುವುದು ಜೆಫ್ರಿ ರೋಸ್ 1962ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಶ್ನಾವಳಿ. ಎದೆಯಲ್ಲಿ ನೋವು ಅಥವಾ ಕಸಿವಿಸಿ ಇದೆಯೇ ಎಂಬುದು ಮೊದಲ ಪ್ರಶ್ನೆ. ಇಲ್ಲ ಎಂದರೆ ಮುಂದಿನವು ಅನಗತ್ಯ. ಹೌದು ಎಂದರೆ, ದಿಬ್ಬ ಹತ್ತುವಾಗ ಅಥವಾ ಅವಸರದಲ್ಲಿ ನಡೆಯುವಾಗ ಬರುತ್ತದೆಯೇ, ನಿಂತರೆ ಹತ್ತು ನಿಮಿಷದೊಳಗೆ ಹೋಗುತ್ತದೆಯೇ ಎಂದು ಕೇಳುತ್ತಾರೆ. ಕಂಪ್ಲಿಯಲ್ಲಿ ಈ ದಿಬ್ಬ ಎಲ್ಲಿದೆ? ನದಿ, ಕಾಲುವೆ, ಭತ್ತದ ಗದ್ದೆ, ಬಾಳೆ ತೋಟ. ಊರೆಲ್ಲ ಸಮತಟ್ಟು, ಓಡಾಟವೆಲ್ಲ ಬೈಕಿನ ಮೇಲೆ. ಏರನ್ನೇ ಹತ್ತದ ಮನುಷ್ಯನಿಗೆ ಏರಿನ ನೋವು ಬರುವುದಾದರೂ ಹೇಗೆ? ಸಂಡೂರಿನಲ್ಲಿ ಗುಡ್ಡಗಳಿಗೇನೂ ಬರವಿಲ್ಲ. ಆದರೆ ಅಲ್ಲಿ ಏದುಸಿರಿಗೆ ಕಾರಣ ಮೊದಲೇ ಸಿದ್ಧವಾಗಿ ನಿಂತಿದೆ: ಗಣಿ ಧೂಳು. ಧೂಳು ಪುಪ್ಪಸಕ್ಕೆ ಕೆಡುಕೆಂಬುದು ಸರಿಯೇ. ಆದರೆ ಹತ್ತು ವರ್ಷದಿಂದ ಶುಗರ್ ಇರುವವನ ದಮ್ಮನ್ನೂ ಇಸಿಜಿ ತೆಗೆಯದೆ ಧೂಳಿನ ಲೆಕ್ಕಕ್ಕೆ ಬರೆದರೆ ಎಡವಟ್ಟಾಗುತ್ತದೆ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರಿಗೆ ಮನೆಮನೆಯಲ್ಲಿ ತುಂಬುವ ಅಸಾಂಕ್ರಾಮಿಕ ರೋಗಗಳ ನಮೂನೆಯಲ್ಲಿ ಉಸಿರಾಟದ ತೊಂದರೆಯ ಪ್ರಶ್ನೆ ಇದೆ. ಅದರ ನೆರೆಯಲ್ಲೇ ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತದ ಪ್ರಶ್ನೆಗಳಿವೆ. ‘ಹೌದು’ ಎಂದವರ ಉಸಿರು ಸಹಜವಾಗಿಯೇ ಕ್ಷಯದ ಕಡೆ ಹೊರಳುತ್ತದೆ, ಹೃದಯದ ಕಡೆಗಲ್ಲ.

ನೋವಿನ ಮಾತು ಬಿಟ್ಟು ಕೆಲಸದ ಮಾತು ಕೇಳಬೇಕೆಂಬುದು ನನ್ನ ಸೂಚನೆ. ‘ಹ್ವಾದ ವರ್ಷ ಸಲೀಸಾಗಿ ಮಾಡ್ತಿದ್ದ ಯಾವ ಕೆಲಸಕ್ಕ ಈ ವರ್ಷ ನಡುವ ನಿಲ್ಲಬೇಕಾಗೈತಿ?’ ನೀರಿನ ಕೊಡ ಹೊತ್ತು ಮನೆ ಮುಟ್ಟುವುದು, ಗೊಬ್ಬರದ ಚೀಲ ಇಳಿಸುವುದು, ಹಂಪಿ ಜಾತ್ರೆಯಲ್ಲಿ ತೇರು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯುವುದು. ಹೊಳೆಯಾಚೆ ಅಂಜನಾದ್ರಿಗೆ 575 ಮೆಟ್ಟಿಲು. ವರ್ಷವರ್ಷ ಹತ್ತುವವರಿಗೆ ಎಲ್ಲಿ ಕೂತೆವು ಎಂಬುದು ಚೆನ್ನಾಗಿ ನೆನಪಿರುತ್ತದೆ. ಹೋದ ಸಲ ಒಂದೇ ಕಡೆ ಕೂತವನು ಈ ಸಲ ನಾಲ್ಕು ಕಡೆ ಕೂತಿದ್ದರೆ ಆ ಮಾಹಿತಿ ಅರೆಬರೆ ಟಿಎಂಟಿಗಿಂತ ಕಡಿಮೆಯದಲ್ಲ. (ಹೃದಯ ಪರೀಕ್ಷಿಸಿಕೊಳ್ಳಲೆಂದು ಯಾರೂ ಬೆಟ್ಟ ಹತ್ತಬಾರದು, ಅದನ್ನೂ ಹೇಳಿಬಿಡುತ್ತೇನೆ.) ಈ ಪ್ರಶ್ನೆಯನ್ನು ತಾಲೂಕು ಆಸ್ಪತ್ರೆಯ ಮಧುಮೇಹದ ಓಪಿಡಿಯಲ್ಲಿ ರೋಸ್ ಪ್ರಶ್ನಾವಳಿಯ ಪಕ್ಕದಲ್ಲಿಟ್ಟು, ಎರಡನ್ನೂ ಇಸಿಜಿ ಮತ್ತು ಎಕೋ ಜೊತೆ ತಾಳೆ ನೋಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬಳ್ಳಾರಿಯ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರ ಪ್ರಬಂಧಕ್ಕೆ ಸಾಲುವಷ್ಟು ವಿಷಯ ಇಲ್ಲಿದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಭಾಷಾ ವಿಭಾಗದವರು ಕೈಜೋಡಿಸಿದರೆ ದಮ್ಮು, ಗ್ಯಾಸು, ಸಂಕಟ, ಕಸಿವಿಸಿಗಳು ಯಾವ ಊರಲ್ಲಿ ಯಾವ ಅರ್ಥಕ್ಕೆ ಸಲ್ಲುತ್ತವೆ ಎಂಬ ಪಟ್ಟಿಯೂ ಸಿದ್ಧವಾಗುತ್ತದೆ.

ಯಾರಿಗೆ ಮುಂದಿನ ಪರೀಕ್ಷೆ ಬೇಕು ಎಂಬ ಬಗ್ಗೆ ಗೊಂದಲವಿಲ್ಲ. ಕಾರಣ ತಿಳಿಯದ ಏದುಸಿರು, ಎದೆಯ ಕಸಿವಿಸಿ, ಇಸಿಜಿಯಲ್ಲಿ ಹಳೆಯ ಗಾಯದ ಗುರುತು, ಹಿಂದೊಮ್ಮೆ ಲಕ್ವ ಹೊಡೆದದ್ದು, ನಡೆದರೆ ಮೀನಖಂಡ ಹಿಡಿದು ನಿಲ್ಲಬೇಕಾಗುವುದು: ಇವುಗಳಲ್ಲಿ ಒಂದಿದ್ದರೂ ಹೃದ್ರೋಗ ತಜ್ಞರಿಗೆ ತೋರಿಸಬೇಕು. ಅಂಥವರನ್ನು ‘ಲಕ್ಷಣವಿಲ್ಲದವರು’ ಎಂದು ಕರೆಯುವುದೇ ತಪ್ಪು. ಉಳಿದವರಿಗೆ ವರ್ಷಕ್ಕೊಂದು ಸಾದಾ ಇಸಿಜಿ, ನಿಲ್ಲಿಸಿ ನೋಡಿದ ಬಿಪಿ, ಮೂತ್ರದಲ್ಲಿ ಆಲ್ಬುಮಿನ್, ನಲವತ್ತು ದಾಟಿದ್ದರೆ ಸ್ಟ್ಯಾಟಿನ್, ಬೀಡಿ-ಸಿಗರೇಟಿದ್ದರೆ ಬಿಡಿಸುವ ಪ್ರಯತ್ನ.

ಕೊನೆಯದಾಗಿ ಮನೆಮಂದಿ ನೆನಪಿಡಬೇಕಾದ ಒಂದು ಸಂಗತಿ. ಶುಗರ್ ಇದ್ದವರು ಇದ್ದಕ್ಕಿದ್ದಂತೆ ಬೆವರಿ, ಮುಖ ಬಿಳಿಚಿ, ಕೈಕಾಲು ಸೋತರೆ ನಮ್ಮಲ್ಲಿ ಮೊದಲು ಹೊರಡುವ ಮಾತು ‘ಶುಗರ್ ಡೌನ್ ಆಗೈತಿ’. ಬಾಯಿಗೆ ಸಕ್ಕರೆ ಹಾಕಿ, ಗಾಳಿ ಬೀಸಿ, ಮಲಗಿಸಿ ಕಾಯುತ್ತಾರೆ. ನೋವಿಲ್ಲದ ಹೃದಯಾಘಾತ ಕಾಣಿಸಿಕೊಳ್ಳುವ ರೀತಿಯೂ ಇದೇ. ಗ್ಲುಕೋಮೀಟರ್ ಮನೆಯಲ್ಲಿದ್ದರೆ ಒಂದು ಹನಿ ರಕ್ತ ಹಾಕಿ ನೋಡಿ. 70ಕ್ಕಿಂತ ಕೆಳಗಿದ್ದರೆ ಸಕ್ಕರೆ ಕೊಡಿ. ಕೊಟ್ಟ ಹದಿನೈದು ನಿಮಿಷಕ್ಕೂ ಚೇತರಿಸಿಕೊಳ್ಳದಿದ್ದರೆ, ಅಥವಾ ಅಂಕಿ 70ರ ಮೇಲಿದ್ದೂ ಬೆವರು ನಿಲ್ಲದಿದ್ದರೆ, ತಡಮಾಡದೆ 108ಕ್ಕೆ ಕರೆಮಾಡಿ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರಗಳ ತಜ್ಞರು ಕೂತಲ್ಲಿಂದಲೇ ಓದುತ್ತಾರೆ; ರಕ್ತ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದು ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರಷ್ಟೇ ಚೆನ್ನಾಗಿ ಕೆಲಸ ಮಾಡುವ ಮದ್ದು.